ಮತ್ತಿತರರು

ನಮ್ಮ ಪತ್ರಿಕೆಗಳಲ್ಲಿ ಸಭೆ-ಸಮಾರಂಭದ ವರದಿ ಯಾವುದೇ ಇರಲಿ, ಕೊನೆಯ ಸಾಲು ಮಾತ್ರ ಒಂದೇ: ಇಂಥವರು, ಇಂಥವರು ಮತ್ತಿತರರು ಉಪಸ್ಥಿತರಿದ್ದರು. ಶಾಮಿಯಾನ ಕಟ್ಟಿದವನು, ಕುರ್ಚಿ ಜೋಡಿಸಿದವನು, ಚಹಾ ಹಂಚಿದವನು, ಎಲ್ಲರೂ ಆ ‘ಮತ್ತಿತರರು’ ಒಳಗೇ. ಸಭೆಗಾದರೆ ಸರಿ, ನಾಳೆ ಇನ್ನೊಂದು ಸಭೆ ಇದ್ದೇ ಇರುತ್ತದೆ. ಸತ್ತವರ ಪಟ್ಟಿಯನ್ನೂ ಇದೇ ಧಾಟಿಯಲ್ಲಿ ಬರೆದು ಕಲ್ಲಿನ ಮೇಲೆ ಕೆತ್ತಿಸಿದ ಜಾಗವೊಂದಿದೆ. ಅದು ಇರಾಕಿನ ಬಸ್ರಾ ಸ್ಮಾರಕ. ಮೊದಲ ಮಹಾಯುದ್ಧದ ಹೊತ್ತಿಗೆ ಮೆಸೊಪೊಟೇಮಿಯಾದಲ್ಲಿ ಸತ್ತು, ಗೋರಿ ಎಲ್ಲೆಂದೂ ತಿಳಿಯದ 40 ಸಾವಿರಕ್ಕೂ ಮಿಕ್ಕ ಜನರ ನೆನಪಿಗೆ ಕಟ್ಟಿದ್ದು. ಬ್ರಿಟಿಷ್ ಪಲ್ಟನ್ನಿನವನಾದರೆ ತೀರಾ ಕೆಳಗಿನ ಸಿಪಾಯಿಯ ಹೆಸರೂ ಅಲ್ಲಿದೆ. ಭಾರತೀಯ ಪಲ್ಟನ್ನುಗಳ ಕೆಳಗೆ ಸುಬೇದಾರ, ಜಮಾದಾರರ ಹೆಸರು ಮುಗಿಯುತ್ತಲೇ ‘ಮತ್ತು ಇಷ್ಟು ಮಂದಿ ಇತರ ಭಾರತೀಯ ಸೈನಿಕರು’ ಎಂದು ಸಂಖ್ಯೆ ಹಾಕಿ ಕೈ ತೊಳೆದುಕೊಂಡಿದ್ದಾರೆ.

ಈ ಇತರರಲ್ಲಿ ಮರಾಠಾ ಪಲ್ಟನ್ನಿನವರೂ ಇದ್ದಾರೆ. ಅವರದೇ ವಂಶದ ಮರಾಠಾ ಲಘು ಪದಾತಿ ದಳದ ಕೇಂದ್ರ ಇರುವುದು ನಮ್ಮ ಬೆಳಗಾವಿಯ ಕ್ಯಾಂಪಿನಲ್ಲಿ. ನಸುಕಿನಲ್ಲಿ ಅತ್ತ ಹೋದರೆ ಹೊಸದಾಗಿ ಭರ್ತಿಯಾದ ಹುಡುಗರು ಬೆವರು ಸುರಿಸುತ್ತ ಓಡುವುದು ಕಾಣುತ್ತದೆ. 1915ರಲ್ಲಿ ಬ್ರಿಟಿಷ್ ಜನರಲ್ ಟೌನ್‌ಶೆಂಡನ ಹಿಂದೆ ಬಾಗ್ದಾದ್ ಗೆಲ್ಲಲು ಹೊರಟವರಲ್ಲಿ 103, 110 ಮತ್ತು 117ನೇ ಮರಾಠಾ ಪಲ್ಟನ್ನುಗಳಿದ್ದವು. ಕಾಲಾಳು ಸಿಪಾಯಿಗೆ ಆಗ ತಿಂಗಳಿಗೆ 11 ರೂಪಾಯಿ ಸಂಬಳ. ಬಾಗ್ದಾದ್ ಸಿಗಲಿಲ್ಲ. ಹಿಂದೆ ಸರಿದವರು ಟೈಗ್ರಿಸ್ ನದಿಯ ತಿರುವಿನಲ್ಲಿದ್ದ ಕುಟ್ ಎಂಬ ಊರಿನೊಳಗೆ ಸಿಕ್ಕಿಬಿದ್ದರು. ಡಿಸೆಂಬರಿನಿಂದ 1916ರ ಏಪ್ರಿಲ್ 29ರವರೆಗೆ ತುರ್ಕರ ಮುತ್ತಿಗೆ. ಅವರನ್ನು ಬಿಡಿಸಲು ಹೋದ ಸೇನೆಯಲ್ಲಿ ಸತ್ತವರು, ಗಾಯಗೊಂಡವರು ಸೇರಿ ಸುಮಾರು 23 ಸಾವಿರ. ಒಳಗೆ ಸಿಕ್ಕಿಕೊಂಡು ಕೊನೆಗೆ ಶರಣಾದವರು ಸುಮಾರು 13 ಸಾವಿರ. ಆ ಲೆಕ್ಕ ಹಾಕಿದ ಜನರಲ್ಲುಗಳ ಗಣಿತದ ಬಗ್ಗೆ ನಾನೇನೂ ಹೇಳುವುದಿಲ್ಲ.

ನನ್ನ ಮನಸ್ಸು ನಿಲ್ಲುವುದು ಕುಟ್‌ನ ಅಡುಗೆ ಒಲೆಗಳ ಹತ್ತಿರ. ದವಸ ಮುಗಿಯುತ್ತ ಬಂದಾಗ ಕುದುರೆ, ಹೇಸರಗತ್ತೆಗಳನ್ನು ಕಡಿಯತೊಡಗಿದರು. ಗೋರಾ ಸಿಪಾಯಿಗಳು ತಿಂದರು. ನಮ್ಮವರಲ್ಲಿ ಬಹುತೇಕರು ಮುಟ್ಟಲಿಲ್ಲ. ಕೊನೆಕೊನೆಗೆ ದಿನಕ್ಕೆ ನಾಲ್ಕೈದು ಔನ್ಸ್ ಹಿಟ್ಟು, ಅಂದರೆ ಒಂದೆರಡು ರೊಟ್ಟಿಯ ಮಾತು. ನೆಲದ ಮೇಲೆ ಹಸಿರು ಕಂಡಲ್ಲೆಲ್ಲ ಕಿತ್ತು ತಂದು ತಪ್ಪಲ ಪಲ್ಯದಂತೆ ಬೇಯಿಸಿದರು. ಅದರಲ್ಲಿ ವಿಷದ ಗಿಡಗಳೂ ಇದ್ದವು. ಒಸಡು ಬಾತು ರಕ್ತ ಸೋರುವ ಸ್ಕರ್ವಿ ಬಂತು. ವಿಮಾನದಿಂದ ಹಿಟ್ಟಿನ ಚೀಲಗಳನ್ನು ಬೀಳಿಸಿದರು, ಅವುಗಳಲ್ಲಿ ಕೆಲವು ಹೊಳೆಯ ಪಾಲಾದವು. ಕಡೆಗೆ ಟೌನ್‌ಶೆಂಡ್ ಭಾರತಕ್ಕೆ ತಂತಿ ಹೊಡೆದು, ಕುದುರೆ ತಿಂದರೆ ದೋಷವಿಲ್ಲವೆಂದು ಧರ್ಮಗುರುಗಳಿಂದಲೇ ಅಪ್ಪಣೆ ತರಿಸಿದ. ಆದರೂ ಏಪ್ರಿಲ್‌ವರೆಗೆ ಹೆಚ್ಚಿನವರು ಒಲ್ಲೆನೆಂದೇ ಕೂತರು. ಅವರ ಅಂಜಿಕೆ ದೇವರದ್ದಷ್ಟೇ ಅಲ್ಲ, ಊರಿನದು. ತಿಂದದ್ದು ಊರಿಗೆ ಗೊತ್ತಾದರೆ ಪಂಕ್ತಿಯಿಂದ ಎಬ್ಬಿಸುತ್ತಾರೆ, ಮಗಳಿಗೆ ಗಂಡು ಸಿಗುವುದಿಲ್ಲ, ಮನೆತನದ ಹೆಸರು ಕೆಡುತ್ತದೆ.

ಗುಂಡಿಗೆ ಎದೆ ಕೊಡುವುದನ್ನು ಶೌರ್ಯವೆನ್ನಲು ನಮ್ಮಲ್ಲಿ ಮಾತುಗಳಿವೆ, ಪದಕಗಳಿವೆ. ಊರಿನಲ್ಲಿ ಹೆಸರು ಉಳಿಯಲೆಂದು ಹೊಟ್ಟೆ ಒಣಗಿಸಿಕೊಂಡವನಿಗೆ ಏನೂ ಇಲ್ಲ. ಇದನ್ನು ಮೂಢತನ ಎನ್ನುವವರು ಎನ್ನಲಿ, ನನಗೆ ನಾಲಿಗೆ ಏಳುವುದಿಲ್ಲ.

ನಮ್ಮ ಓಣಿಯಲ್ಲಿ ನಿವೃತ್ತ ಹವಾಲ್ದಾರರೊಬ್ಬರಿದ್ದಾರೆ, ಎಲ್ಲರಿಗೂ ಕಾಕಾ. ಅವರಿಗೆ ಈ ಕತೆ ಹೇಳಿದೆ. ಚಹಾದ ಬಸಿ ಕೆಳಗಿಟ್ಟು ಕೇಳಿದ್ದು ಒಂದೇ ಮಾತು:

“ತಿಂದಾವ್ರರ ಬದುಕಿ ಬಂದ್ರೇನ ತಮ್ಮಾ?”

ಹೆಚ್ಚಿನವರು ಬರಲಿಲ್ಲ. ಶರಣಾದ ಮೇಲೆ ಮರುಭೂಮಿಯಲ್ಲಿ ನಡೆಸಿಕೊಂಡು ಹೋದರು, ನಮ್ಮವರನ್ನು ರಾಸ್ ಅಲ್ ಐನ್ ಎಂಬಲ್ಲಿ ರೈಲುಹಳಿಯ ಕೂಲಿಗೆ ಹಚ್ಚಿದರು. ಸೆರೆಸಿಕ್ಕ ಭಾರತೀಯರಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ತೀರಿಕೊಂಡರೆ, ಗೋರಾ ಸಿಪಾಯಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹೋದರು. ಟೌನ್‌ಶೆಂಡ್ ಸಾಹೇಬ ಮಾತ್ರ ಇಸ್ತಾಂಬುಲ್ ಹತ್ತಿರದ ದ್ವೀಪದ ಬಂಗಲೆಯಲ್ಲಿ ಸುಖವಾಗಿದ್ದ. ಸಿಪಾಯಿಗಳೊಂದಿಗೆ ಸೆರೆಯಲ್ಲಿದ್ದ ಬಂಗಾಳದ ಸಿಸಿರ್ ಸರ್ಬಾಧಿಕಾರಿ ದಿನಚರಿಯ ಹಾಳೆಗಳನ್ನು ಬೂಟಿನಲ್ಲಿ ಮುಚ್ಚಿಟ್ಟು ತಂದ, ಮುಂದೆ ಪುಸ್ತಕ ಬರೆದ. ಅಕ್ಷರ ಕಲಿತಿದ್ದನಾದ್ದರಿಂದ ಅವನ ಹೆಸರು ನಮಗೆ ಗೊತ್ತು.

ಬಸ್ರಾದ ಕಲ್ಲಿನಲ್ಲಿ ಬರೀ ನಂಬರು ಇದೆ ಎಂದಾಗ ಕಾಕಾ ತಡೆದರು. “ನಂಬರ ಬ್ಯಾರೆ, ಲೆಕ್ಕ ಬ್ಯಾರೆ” ಎಂದು ತಮ್ಮ ಸೈನ್ಯದ ನಂಬರನ್ನು ಪಟಪಟನೆ ಒದರಿದರು. ಪೆನ್ಶನ್ ಬಂದು ಎಷ್ಟೋ ವರ್ಷವಾದರೂ ಒಂದಂಕಿ ತಪ್ಪಲಿಲ್ಲ. ಅದು ಅವರೊಬ್ಬರದೇ, ಇನ್ನೊಬ್ಬರಿಗೆ ಸಲ್ಲದು. ಕಲ್ಲಿನಲ್ಲಿರುವುದು ಅಂಥದ್ದಲ್ಲ.

ದರ್ಜೆ, ಜನಾಂಗ ನೋಡದೆ ಎಲ್ಲರನ್ನೂ ಒಂದೇ ಸಮ ನೆನೆಯುತ್ತೇವೆ ಎಂಬುದು ಬಸ್ರಾ ಸ್ಮಾರಕವನ್ನೂ ಕಟ್ಟಿಸಿದ, 1917ರಲ್ಲಿ ಹುಟ್ಟಿದ ಬ್ರಿಟಿಷ್ ಸಾಮ್ರಾಜ್ಯದ ಯುದ್ಧಸಮಾಧಿ ಆಯೋಗದ ಘೋಷಣೆ. ಫ್ರಾನ್ಸಿನ ನ್ಯೂವ್ ಶಾಪೆಲ್‌ನಲ್ಲಿ ಭಾರತದ ಸಾಮಾನ್ಯ ಸಿಪಾಯಿಗಳ ಹೆಸರನ್ನೂ ಅದು ಕೆತ್ತಿಸಿತು. ಯುರೋಪಿನ ಕಣ್ಣಿಗೆ ಬೀಳುವಲ್ಲಿ ಒಂದು ರೀತಿ, ಬೀಳದಲ್ಲಿ ಇನ್ನೊಂದು. 2021ರಲ್ಲಿ ಆಯೋಗವೇ ತಪ್ಪೊಪ್ಪಿಕೊಂಡು ಕ್ಷಮೆ ಕೇಳಿತು. ಪೂರ್ವ ಆಫ್ರಿಕಾ, ಈಜಿಪ್ಟಿನವರೇ ಹೆಚ್ಚಿದ್ದ ಕನಿಷ್ಠ 1,16,000 ಮಂದಿಗೆ, ಬಹುಶಃ 3,50,000ದಷ್ಟು ಮಂದಿಗೆ, ಹೆಸರಿನ ಸ್ಮಾರಕವೇ ಇಲ್ಲವೆಂದು ಅದರ ವರದಿ ಹೇಳಿತು.

ಕಲ್ಲಿಗೆ ಬಾರದ ಎಷ್ಟೋ ಹೆಸರು ಆಯೋಗದ ಜಾಲತಾಣದಲ್ಲಿವೆ. ಕೆಲವಕ್ಕೆ ತಂದೆಯ ಹೆಸರು, ಊರಿನ ಹೆಸರೂ ಉಂಟು. ಗುಮಾಸ್ತರು ಕಿವಿಗೆ ಬಿದ್ದಂತೆ ಇಂಗ್ಲಿಷಿನಲ್ಲಿ ಗೀಚಿದ್ದು. ಮೊಬೈಲಿನಲ್ಲಿ ತೆಗೆದು ಓದಿದರೆ ತಲೆಬುಡ ತಿಳಿಯದು. ನಾನು ಒಂದೊಂದೇ ಅಕ್ಷರ ಹೇಳುತ್ತ ಹೋದೆ, ಕಾಕಾ ಅದನ್ನು ಬಾಯಲ್ಲಿ ಹೊರಳಾಡಿಸಿ ಸರಿಯಾದ ಊರು ಹೇಳುತ್ತ ಬಂದರು. ಒಂದರ ಮೇಲೆ ಮಾತ್ರ ಜಗಳವೇ ಆಯಿತು. ನಾನು ರತ್ನಾಗಿರಿ ಕಡೆಯದೆಂದೆ. ಕಾಕಾ ಒಪ್ಪಲಿಲ್ಲ. ಆ ಹೆಸರಿನ ಊರು ಚಂದಗಡದ ಹತ್ತಿರವೂ ಇದೆ, ತಮ್ಮ ಸೋದರತ್ತೆಯನ್ನು ಕೊಟ್ಟದ್ದು ಅಲ್ಲಿಗೇ ಎಂದು ಪಟ್ಟು ಹಿಡಿದು, ಅತ್ತೆಯ ಮೊಮ್ಮಗನಿಗೆ ಫೋನು ಹಚ್ಚಲು ಹೇಳಿದರು.