ಮಡಕೆಯ ಪಾಠ ಮತ್ತು ನಮ್ಮ ಗುಂಡ

ಎಂಟನೆಯ ತರಗತಿಗೆ ನಾನು ಪ್ರತಿ ವರ್ಷ ಮಾಡುತ್ತಿದ್ದ ಮಣ್ಣಿನ ಮಡಕೆಯ ಪಾಠವನ್ನು ನನ್ನ ಹಳೆಯ ವಿದ್ಯಾರ್ಥಿಗಳು ಮರೆತಿರಲಾರರು. ಮಡಕೆಯ ಸೂಕ್ಷ್ಮ ರಂಧ್ರಗಳಿಂದ ಒಸರಿದ ನೀರು ಆವಿಯಾಗುತ್ತದೆ. ಅದಕ್ಕೆ ಬೇಕಾದ ಶಾಖವನ್ನು ಒಳಗಿನ ನೀರಿನಿಂದಲೇ ಪಡೆಯುತ್ತದೆ. ಆದ್ದರಿಂದ ನೀರು ತಣ್ಣಗಾಗುತ್ತದೆ. ಪರೀಕ್ಷೆಯಲ್ಲಿ ಎರಡು ಅಂಕದ ಪ್ರಶ್ನೆ. 32 ವರ್ಷ ಬೋಧಿಸಿದ ಈ ಪಾಠ ನನಗೇ ಪೂರ್ತಿ ತಿಳಿದಿರಲಿಲ್ಲವೆಂಬುದು 2023ರ ಏಪ್ರಿಲ್ ತಿಂಗಳ ಒಂದು ಭಾನುವಾರ ಅರಿವಾಯಿತು.

ಅಂದು ಮಗ, ಸೊಸೆ, ಮೊಮ್ಮಗನೊಡನೆ ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಜಲಾಶಯಕ್ಕೆ ಹೋಗಿದ್ದೆವು. ಶಿಂಷಾ ನದಿಗೆ ಕಟ್ಟಿದ ಆ ಅಣೆಕಟ್ಟೆಯಲ್ಲಿ ನೀರು ಒಂದು ಮಟ್ಟಕ್ಕೇರಿದರೆ ತಾನಾಗಿ ಹೊರಹರಿಯುವ ಸೈಫನ್ ವ್ಯವಸ್ಥೆಯಿದೆ. ಮೊಮ್ಮಗನಿಗೆ ಅದನ್ನು ವಿವರಿಸುವ ಉತ್ಸಾಹ ನನ್ನದು. ಜೊತೆಯಲ್ಲಿ ಮಗನ ಮನೆಯ ಪಗ್ ನಾಯಿ ಗುಂಡನೂ ಇದ್ದ. ಬೆಳಿಗ್ಗೆ ಎಂಟಕ್ಕೆ ತಲುಪಬೇಕಾದವರು ತಲುಪಿದ್ದು ಹನ್ನೊಂದಕ್ಕೆ.

"ಬಿಸಿಲು ಜೋರಾಗಿದೆ ಮಾವ, ಗುಂಡ ಮರದ ನೆರಳಲ್ಲೇ ಇರಲಿ" ಎಂದಳು ಸೊಸೆ. "ಓಡಾಡಲಿ ಬಿಡಮ್ಮ, ಫ್ಲಾಟಿನಲ್ಲಿ ಕೂತೂ ಕೂತೂ ದಪ್ಪಗಾಗಿದ್ದಾನೆ" ಎಂದವನು ನಾನೇ.

ಕಟ್ಟೆಯ ಮೇಲೆ ಮೊಮ್ಮಗ ಚೆಂಡೆಸೆದ, ಗುಂಡ ಓಡಿದ. ನಾಲಿಗೆ ಚಾಚಿ ಏದುಸಿರು ಬಿಡುತ್ತಿದ್ದ ಅವನನ್ನು ನೋಡಿ, "ಎಷ್ಟು ಖುಷಿಯಾಗಿದ್ದಾನೆ ನೋಡು" ಎಂದೆ. ಹತ್ತು ನಿಮಿಷದೊಳಗೆ ಅವನ ಹಿಂಗಾಲುಗಳು ತೂರಾಡಿದವು. ಒಮ್ಮೆ ವಾಂತಿ ಮಾಡಿಕೊಂಡು ನೆಲಕ್ಕೊರಗಿದ. ಬಾಯಿಂದ ಅಂಟಂಟಾದ ಜೊಲ್ಲು. ಒಸಡು ಇಟ್ಟಿಗೆಯಂತೆ ಕೆಂಪು. ಮೊಮ್ಮಗ ಕರೆದರೂ ಕಣ್ಣು ಹೊರಳಿಸಲಿಲ್ಲ.

ಟರ್ಕಿ ಟವೆಲನ್ನು ನೀರಿನಲ್ಲಿ ಅದ್ದಿ ಅವನಿಗೆ ಹೊದಿಸಿ, "ಕಾರು ತೆಗೆಯಿರಿ, ಆಸ್ಪತ್ರೆಗೆ ಹೋಗೋಣ" ಎಂದು ನಾನು ಕೂಗಾಡಿದೆ. ಅಷ್ಟರಲ್ಲಿ ಸೊಸೆ ತಮಗೆ ಪರಿಚಯದ ಪಶುವೈದ್ಯರಿಗೆ ಫೋನು ಮಾಡಿದ್ದಳು. ಅವರ ಮಾತು ಇಂದಿಗೂ ಕಿವಿಯಲ್ಲಿದೆ: "ಮೊದಲು ತಂಪು ಮಾಡಿ, ಆಮೇಲೆ ಹೊರಡಿ. ಟವೆಲ್ ತೆಗೆದುಹಾಕಿ ಸಾರ್. ಅದು ಬಿಸಿಯಾಗಿ ಒಳಗಿನ ಶಾಖವನ್ನು ಕೂಡಿಹಾಕುತ್ತದೆ. ಮೈಮೇಲೆ ನೀರು ಸುರಿಯುತ್ತಲೇ ಗಾಳಿ ಬೀಸಿ."

ತಣ್ಣೀರಿನಿಂದ ಆಘಾತವಾದೀತೇ ಎಂದು ಕೇಳಿದೆ. ನೀರು ನಾಯಿಯ ಮೈಗಿಂತ ತಂಪಾಗಿದ್ದರೆ ಸಾಕು, ಕಾಯಬೇಡಿ ಎಂದರು. ಮೂಗಿಗೆ ನೀರು ಹೋಗಬಾರದು, ಪ್ರಜ್ಞೆ ಮಂಕಾಗಿರುವಾಗ ಬಾಯಿಗೆ ನೀರು ಹೊಯ್ಯಬಾರದು ಎಂದೂ ಎಚ್ಚರಿಸಿದರು. ನೆರಳಿಗೆ ಒಯ್ದೆವು. ಮಗ ಬಿಂದಿಗೆಯಲ್ಲಿ ನೀರು ತಂದು ತಂದು ಹೊಟ್ಟೆ, ತೊಡೆಗಳ ಮೇಲೆ ಸುರಿದ. ನಾನು ಊಟದ ತಟ್ಟೆಯಿಂದ ಬೀಸಿದೆ. ಅವನು ತಲೆಯೆತ್ತಿದ ಮೇಲೆ ಕಾರಿನ ಏಸಿ ಹಾಕಿಕೊಂಡು, ದಾರಿಯುದ್ದಕ್ಕೂ ಮೈ ಒದ್ದೆ ಮಾಡುತ್ತಾ ಹೊರಟೆವು.

ನಾಯಿಯ ಸಹಜ ಉಷ್ಣತೆ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಆಸ್ಪತ್ರೆ ತಲುಪಿದಾಗಲೂ ಗುಂಡನಿಗೆ 105 ಇತ್ತು. ಅದು 103.5ಕ್ಕೆ ಇಳಿದೊಡನೆ ವೈದ್ಯರು ನೀರು ಹಾಕುವುದನ್ನು ನಿಲ್ಲಿಸಿದರು; ಅಲ್ಲಿಂದ ಮುಂದೆಯೂ ತಂಪು ಮಾಡಿದರೆ ಉಷ್ಣತೆ ಅತಿಯಾಗಿ ಕುಸಿಯಬಹುದಂತೆ. ಡ್ರಿಪ್ ಹಾಕಿ, ಮೂತ್ರಪಿಂಡ ಮತ್ತು ಯಕೃತ್ತಿನ ಹಾನಿ ತಡವಾಗಿ ಕಾಣಿಸಿಕೊಳ್ಳಬಹುದೆಂದು ಎರಡು ದಿನ ರಕ್ತಪರೀಕ್ಷೆ ಮಾಡಿದರು. ಗುಂಡ ಉಳಿದ.

ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಅದರ ಅಂಗಾಲಿನಲ್ಲಷ್ಟೇ ಕೊಂಚ ಬೆವರು. ನಾಲಿಗೆ ಮತ್ತು ಶ್ವಾಸಮಾರ್ಗದ ತೇವ ಆವಿಯಾಗುವುದೇ ಅದಕ್ಕೆ ಮಡಕೆಯ ರಂಧ್ರ. ಪಗ್‌ನಂಥ ಮೊಂಡುಮೂಗಿನ ತಳಿಗಳಿಗೆ ಆ ದಾರಿಯೂ ಇಕ್ಕಟ್ಟು. ನಾನು ಖುಷಿಯೆಂದುಕೊಂಡ ಏದುಸಿರು ಬದುಕಿಕೊಳ್ಳುವ ಹೆಣಗಾಟವಾಗಿತ್ತು.

ಆ ರಾತ್ರಿ ನಿದ್ದೆ ಬರಲಿಲ್ಲ. ನೆನಪಾದದ್ದು 1996ರ ಆಗಸ್ಟ್. ಸ್ವಾತಂತ್ರ್ಯೋತ್ಸವದ ಕವಾಯತಿನ ತಾಲೀಮಿನಲ್ಲಿ ಒಬ್ಬ ಹುಡುಗ "ತಲೆ ಸುತ್ತುತ್ತೆ ಸಾರ್" ಎಂದಿದ್ದ. "ನಾಟಕ ಬೇಡ, ನೆಟ್ಟಗೆ ನಿಲ್ಲು" ಎಂದು ಗದರಿದ್ದೆ. ಮರುನಿಮಿಷ ಕುಸಿದು ಬಿದ್ದ. ಬೆಳಿಗ್ಗೆ ಏನೂ ತಿನ್ನದೆ ನಾಲ್ಕು ಮೈಲಿ ನಡೆದು ಬಂದಿದ್ದನೆಂದು ಆಮೇಲೆ ತಿಳಿಯಿತು. ನೀರು ಕುಡಿಸಿ ಮನೆಗೆ ಕಳಿಸಿದೆ. ತಪ್ಪಾಯಿತೆಂದು ಮಾತ್ರ ಹೇಳಲಿಲ್ಲ. ಮೇಷ್ಟ್ರು ಹಾಗೆ ಹೇಳುವ ರೂಢಿ ಅಂದು ಇರಲಿಲ್ಲ.

ಗುಂಡ ಬಾಯಿಲ್ಲದ ಪ್ರಾಣಿ, ಹೇಳಲಾರದೆ ಹೋದ. ಆ ಹುಡುಗ ಬಾಯಿಬಿಟ್ಟು ಹೇಳಿದ್ದ. ಕೇಳದೆ ಹೋದವನು ನಾನು. ಅವನ ಹೆಸರು ನನಗೆ ಚೆನ್ನಾಗಿ ನೆನಪಿದೆ, ಇಲ್ಲಿ ಬರೆಯುವುದಿಲ್ಲ. ಈ ಸಾಲುಗಳು ಅವನ ಕಣ್ಣಿಗೆ ಬಿದ್ದರೆ, ಅಂದು ಹೇಳದೆ ಉಳಿದದ್ದನ್ನು ಇಂದು ಹೇಳುತ್ತಿದ್ದೇನೆ: ತಪ್ಪಾಯಿತಪ್ಪ.