ಹಳೆಯದನ್ನು ಅಳಿಸುವ ಮುನ್ನ

ದಪ್ಪ ಪುಸ್ತಕಗಳ ಕೊನೆಯಲ್ಲಿ ಪದಸೂಚಿ ಇರುವುದನ್ನು ನೀವು ನೋಡಿರಬಹುದು. ಯಾವ ಪದ ಯಾವ ಪುಟದಲ್ಲಿದೆ ಎಂದು ಅದು ತಿಳಿಸುತ್ತದೆ. ಕಂಪ್ಯೂಟರಿನಲ್ಲಿ ಏನನ್ನಾದರೂ ಹುಡುಕಿದಾಗ ಕ್ಷಣದಲ್ಲಿ ಉತ್ತರ ಬರುವುದೂ ಇಂಥದೇ ಸೂಚಿಯಿಂದ. ಒಂದು ದೊಡ್ಡ ಗ್ರಂಥಾಲಯದ ಸೂಚಿಯನ್ನು ನೋಡಿಕೊಳ್ಳುವುದು ನನ್ನ ಕೆಲಸವಾಗಿತ್ತು.

ನಮ್ಮ ಸೂಚಿಗೆ ಕನ್ನಡ ವ್ಯಾಕರಣ ಗೊತ್ತಿರಲಿಲ್ಲ. ‘ಕೆರೆ’ ಎಂದು ಹುಡುಕಿದರೆ ‘ಕೆರೆಗೆ’, ‘ಕೆರೆಯಲ್ಲಿ’ ಎಂದಿರುವ ಶೀರ್ಷಿಕೆಗಳು ಸಿಗುತ್ತಿರಲಿಲ್ಲ. ವಿಭಕ್ತಿ ಪ್ರತ್ಯಯ ಕಳಚಿ ಮೂಲಪದವನ್ನಷ್ಟೇ ಸೇರಿಸುವ ನಿಯಮವೊಂದನ್ನು ಬರೆದೆ. ಆದರೆ ಹಳೆಯ ನಿಯಮದಂತೆ ಆಗಲೇ ಸೇರಿದ್ದ ಲಕ್ಷಾಂತರ ನಮೂದುಗಳು ತಾವಾಗಿಯೇ ಬದಲಾಗುವುದಿಲ್ಲ. ಇಡೀ ಸೂಚಿಯನ್ನೇ ಮತ್ತೆ ಕಟ್ಟಬೇಕು.

2014ರ ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಹಳೆಯದನ್ನು ಅಳಿಸಿ ಹೊಸದನ್ನು ತುಂಬಲು ಕೂತೆ. ಒಂದು ಗಂಟೆಯ ಕೆಲಸವೆಂದುಕೊಂಡಿದ್ದೆ, ಸಂಜೆಯಾಯಿತು. ಮಧ್ಯಾಹ್ನ ವಿದ್ಯಾರ್ಥಿನಿಯೊಬ್ಬಳ ಫೋನು: “ಸಾರ್, ನಾಳೆ ಪರೀಕ್ಷೆ. ನಿನ್ನೆ ಇದ್ದ ಪುಸ್ತಕ ಇವತ್ತು ಇಲ್ಲ ಅಂತ ತೋರಿಸ್ತಿದೆ. ಯಾರಾದ್ರೂ ತಗೊಂಡು ಹೋದ್ರಾ?” ಪುಸ್ತಕ ಕಪಾಟಿನಲ್ಲೇ ಇತ್ತು. ಅದರ ದಾರಿಯನ್ನು ಅಳಿಸಿದವನು ನಾನು.

ಅಷ್ಟಕ್ಕೇ ಮುಗಿಯಲಿಲ್ಲ. ನನ್ನ ನಿಯಮ ‘ಮಲ್ಲಿಗೆ’ಯ ‘ಗೆ’ಯನ್ನೂ ಪ್ರತ್ಯಯವೆಂದು ಕತ್ತರಿಸಿತ್ತು! ‘ಮಲ್ಲಿ’ ಎಂಬ ಹುಡುಗಿಯ ಕಥೆ ಹುಡುಕಿದವರಿಗೆ ಮಲ್ಲಿಗೆ ಕೃಷಿಯ ಪುಸ್ತಕಗಳು. ಹಿಂದಕ್ಕೆ ಹೋಗೋಣವೆಂದರೆ ಹಳೆಯ ಸೂಚಿ ಎಲ್ಲಿದೆ? ರಾತ್ರಿಯಿಡೀ ಕೂತು ಅದನ್ನೇ ಮತ್ತೆ ಕಟ್ಟಿದೆ. ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಪ್ರಕಟಿಸಿದ ಗ್ರಂಥಾಲಯದ ಐದು ಸೂತ್ರಗಳಲ್ಲಿ ನಾಲ್ಕನೆಯದು ಓದುಗರ ಸಮಯ ಉಳಿಸುವುದಕ್ಕೆ ಸಂಬಂಧಿಸಿದ್ದು. ನಾನು ಅವರ ಒಂದು ಇಡೀ ದಿನವನ್ನು ನುಂಗಿದ್ದೆ.

ಎರಡನೆಯ ಸಲ ಹಳೆಯದನ್ನು ಮುಟ್ಟಲಿಲ್ಲ. ಅದರ ಪಕ್ಕದಲ್ಲೇ ಹೊಸದನ್ನು ಕಟ್ಟಿದೆ. ಎರಡಕ್ಕೂ ಜಾಗ ಬೇಕು, ಖರ್ಚು ಹೆಚ್ಚು, ನಿಜ. ಈ ನಡುವೆ ಬಂದ ಹೊಸ ಪುಸ್ತಕಗಳನ್ನು ಎರಡರಲ್ಲೂ ದಾಖಲಿಸಿದೆ. ಓದುಗರು ದಿನವೂ ಹುಡುಕುವ ಪದಗಳನ್ನು ಎರಡಕ್ಕೂ ಕೊಟ್ಟು ಉತ್ತರಗಳನ್ನು ಹೋಲಿಸಿ ನೋಡಿದೆ. ಮತ್ತೆರಡು ತಪ್ಪು ಸಿಕ್ಕವು. ತಿದ್ದಿ ಮತ್ತೆ ಕಟ್ಟಿದೆ. ಅಷ್ಟೂ ದಿನ ಓದುಗರಿಗೆ ಹಳೆಯ ಸೂಚಿಯೇ ಉತ್ತರ ಕೊಡುತ್ತಿತ್ತು.

ಕೊನೆಗೆ ಉಳಿದದ್ದು ಬೋರ್ಡು ಬದಲಿಸುವ ಕೆಲಸ. ಹುಡುಕಾಟವೆಲ್ಲ ಸೂಚಿಯ ನಿಜ ಹೆಸರಿಗೆ ಹೋಗದೆ, ಅದಕ್ಕಿಟ್ಟ ಅಡ್ಡಹೆಸರೊಂದಕ್ಕೆ ಹೋಗುವಂತೆ ಮೊದಲೇ ವ್ಯವಸ್ಥೆ ಮಾಡಿದ್ದೆ. ಆ ಅಡ್ಡಹೆಸರನ್ನು ಹಳೆಯದರಿಂದ ತೆಗೆದು ಹೊಸದಕ್ಕೆ ಕೊಟ್ಟೆ. ಕಣ್ಣು ಮಿಟುಕಿಸುವಷ್ಟು ಹೊತ್ತೂ ಹಿಡಿಯಲಿಲ್ಲ. ಹಾಗಿದ್ದರೂ ಹಳೆಯದನ್ನು ಒಂದು ವಾರ ಹಾಗೆಯೇ ಉಳಿಸಿಕೊಂಡಿದ್ದೆ. ಎಡವಿದರೆ ಮರಳಲು ಒಂದು ದಾರಿ ಇರಲೆಂದು.

ಮನೆಯಲ್ಲಿ ಮಗಳಿಗೆ ಈ ಕಥೆ ಹೇಳಿದಾಗ ಅವಳು ಕೇಳಿದಳು, “ಅಪ್ಪಾ, ಅಷ್ಟು ಕಷ್ಟಪಟ್ಟಿದ್ದು ಯಾರಿಗೂ ಗೊತ್ತೇ ಆಗ್ಲಿಲ್ವಾ?”

ಇಲ್ಲ ಮಗಳೇ, ಎಂದೆ. ಆ ದಿನ ಸಂಜೆಯವರೆಗೂ ಫೋನಿನ ಪಕ್ಕದಲ್ಲೇ ಕೂತಿದ್ದೆ. ಅದು ಒಮ್ಮೆಯೂ ಹೊಡೆದುಕೊಳ್ಳಲಿಲ್ಲ.