ತಕ್ಕಡಿ ಮತ್ತು ಪ್ರಯೋಗಶಾಲೆ

ಶ್ರಾವಕನು ಯಾವ ಉದ್ಯೋಗವನ್ನು ಕೈಗೊಳ್ಳಬಹುದು, ಯಾವುದನ್ನು ವರ್ಜಿಸಬೇಕು ಎಂಬ ಪ್ರಶ್ನೆ ಜೈನ ಸಮಾಜಕ್ಕೆ ಹೊಸದಲ್ಲ. ಕೃಷಿಕನ ನೇಗಿಲಿನ ಕೆಳಗೆ ಜೀವಿಗಳು ಸಾಯುತ್ತವೆ. ಧಾನ್ಯದ ವ್ಯಾಪಾರಿಯ ಗೋದಾಮಿನಲ್ಲಿ ಹುಳುಗಳು ಹುಟ್ಟಿ ಸಾಯುತ್ತವೆ. ಆದರೂ ಈ ವೃತ್ತಿಗಳನ್ನು ಸಮಾಜವು ಬಹುಕಾಲದಿಂದ ಒಪ್ಪಿಕೊಂಡು ಬಂದಿದೆ. ಹೊಸ ವಿದ್ಯೆಯೊಂದು ಬಾಗಿಲಿಗೆ ಬಂದಾಗ ಹಳೆಯ ಪ್ರಶ್ನೆ ಮತ್ತೆ ತಲೆಯೆತ್ತುತ್ತದೆ. ಕಾರ್ಕಳ ತಾಲೂಕಿನ ಒಂದು ಬಸದಿಯ ಟ್ರಸ್ಟಿನಲ್ಲಿ ಅದು ತಲೆಯೆತ್ತಿದ್ದು ವಿದ್ಯಾರ್ಥಿವೇತನದ ಅರ್ಜಿಗಳನ್ನು ಪರಿಶೀಲಿಸುತ್ತಿದ್ದ ದಿನ.

ಅರ್ಜಿದಾರಳು ಊರಿನ ದಿನಸಿ ವ್ಯಾಪಾರಿಯೊಬ್ಬರ ಮಗಳು. ವೈದ್ಯಕೀಯ ಪ್ರಯೋಗಶಾಲಾ ತಂತ್ರಜ್ಞಾನದಲ್ಲಿ ಬಿ.ಎಸ್ಸಿ. ಮುಗಿಸಿ, ನ್ಯೂಕ್ಲಿಯರ್ ಮೆಡಿಸಿನ್ ತಂತ್ರಜ್ಞಾನದ ಉನ್ನತ ವ್ಯಾಸಂಗಕ್ಕೆ ಪ್ರವೇಶ ಪಡೆದಿದ್ದಳು. ಟ್ರಸ್ಟಿನ ಹಿರಿಯರೊಬ್ಬರು ಅರ್ಜಿಯನ್ನು ಎರಡು ಸಲ ಓದಿ, "ಇದು ಡಾಕ್ಟರಿಕೆಯಲ್ಲ, ಇಂಜಿನಿಯರಿಂಗೂ ಅಲ್ಲ. ರಕ್ತ ಮುಟ್ಟುವ, ಸೂಕ್ಷ್ಮಜೀವಿಗಳನ್ನು ಬೆಳೆಸಿ ಕೊಲ್ಲುವ ಓದು. ಶ್ರಾವಕರು ಕೊಟ್ಟ ವಿದ್ಯಾನಿಧಿಯನ್ನು ಇದಕ್ಕೆ ವಿನಿಯೋಗಿಸುವುದು ಧರ್ಮಕ್ಕೆ ಒಪ್ಪುತ್ತದೆಯೇ?" ಎಂದು ಕೇಳಿದರು. ಯಾರೂ ಒಡನೆ ಉತ್ತರ ಹೇಳಲಿಲ್ಲ. ಮುಂದಿನ ಸಭೆಗೆ ಹುಡುಗಿಯನ್ನೂ ತಂದೆಯನ್ನೂ ಕರೆಸುವುದೆಂದು ನಿಶ್ಚಯವಾಯಿತು.

ಇದೇ ಪ್ರಶ್ನೆ ಆಕೆಯ ಮನೆಯಲ್ಲಿ ಮೊದಲನೆಯ ವರ್ಷದ ರಜೆಯಲ್ಲಿಯೇ ಬಂದಿತ್ತು. ಕೇಳಿದವರು ಅಜ್ಜಿ. ಬಾವಿಯ ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲಿ ಉಳಿದುದನ್ನು ಮತ್ತೆ ಅದೇ ಬಾವಿಗೆ ಸಾವಕಾಶವಾಗಿ ಬಿಡುವುದು ಆ ವೃದ್ಧೆಯ ನಿತ್ಯವ್ರತ. "ಮಗಾ, ನಾನು ಕಣ್ಣಿಗೆ ಕಾಣದ್ದನ್ನು ಉಳಿಸಲು ನೀರು ಸೋಸುತ್ತೇನೆ. ನೀನು ಅದನ್ನೇ ಕಣ್ಣಿಗೆ ಕಾಣುವಂತೆ ಮಾಡಿ ಕೊಲ್ಲುತ್ತೀಯಂತೆ, ಹೌದೇ?" ಎಂದು ಅವರು ಕೇಳಿದಾಗ ಹುಡುಗಿ ಸುಳ್ಳು ಸಮಾಧಾನ ಹೇಳಲಿಲ್ಲ. ಹೌದು, ರೋಗಿಯ ಕಫ, ಮೂತ್ರ, ರಕ್ತಗಳಲ್ಲಿರುವ ಸೂಕ್ಷ್ಮಜೀವಿಗಳನ್ನು ತಟ್ಟೆಯಲ್ಲಿ ಬೆಳೆಸುತ್ತಾರೆ. ಯಾವ ಔಷಧಕ್ಕೆ ಅವು ಮಣಿಯುತ್ತವೆ ಎಂದು ನೋಡುತ್ತಾರೆ. ಕೆಲಸ ಮುಗಿದ ಮೇಲೆ ಆಟೋಕ್ಲೇವಿನಲ್ಲಿ 121 ಡಿಗ್ರಿ ಸೆಲ್ಸಿಯಸ್ ಉಗಿಯಲ್ಲಿ ಹದಿನೈದು ನಿಮಿಷಕ್ಕೆ ಕಡಿಮೆಯಾಗದಂತೆ ಇಟ್ಟು ನಾಶಮಾಡುತ್ತಾರೆ. ಹಾಗೆ ಮಾಡದಿದ್ದರೆ ಅವು ಊರಿಗೆ ರೋಗವಾಗಿ ಹೊರಡುತ್ತವೆ. ಕೆಲವು ತಟ್ಟೆಗಳಿಗೆ ಕುರಿಯ ರಕ್ತವನ್ನು ಬೆರೆಸುವುದೂ ಉಂಟು. ಇದನ್ನೂ ಆಕೆ ಮುಚ್ಚಿಡಲಿಲ್ಲ. ಅಜ್ಜಿ ಆ ದಿನ ಬೇರೇನೂ ಹೇಳದೆ ಸಾಮಾಯಿಕಕ್ಕೆ ಕುಳಿತರು.

ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕು ಬಗೆಯಾಗಿ ವಿಭಾಗಿಸುವ ಕ್ರಮವನ್ನು ಶ್ರಾವಕರು ಬಲ್ಲರು. ಕೊಲ್ಲಬೇಕೆಂಬ ಉದ್ದೇಶದಿಂದಲೇ ಮಾಡುವ ಸಂಕಲ್ಪೀ ಹಿಂಸೆ ಗೃಹಸ್ಥನಿಗೂ ಸರ್ವಥಾ ತ್ಯಾಜ್ಯ. ಅಡುಗೆ, ಗೃಹಕೃತ್ಯಗಳ ಆರಂಭೀ ಹಿಂಸೆಯನ್ನೂ ಜೀವನೋಪಾಯದ ಉದ್ಯೋಗೀ ಹಿಂಸೆಯನ್ನೂ ಆತನು ಪೂರ್ಣವಾಗಿ ತಪ್ಪಿಸಲಾರ, ತಗ್ಗಿಸಬಲ್ಲ. ಪ್ರಯೋಗಶಾಲೆಯ ಹಿಂಸೆ ಈ ಕೊನೆಯ ವರ್ಗಕ್ಕೆ ಸೇರಿದ್ದು. ಅದನ್ನು ಇಲ್ಲವೆನ್ನುವುದು ಅಸತ್ಯ. ಅದಿದೆ ಎಂಬ ಕಾರಣಕ್ಕೆ ವಿದ್ಯೆಯನ್ನೇ ತ್ಯಜಿಸುವುದಾದರೆ ಅಂಗಡಿಯ ಬಾಗಿಲನ್ನೂ ಮುಚ್ಚಬೇಕಾದೀತು.

ತಗ್ಗಿಸುವ ಪ್ರಯತ್ನಕ್ಕೆ ಆ ವಿದ್ಯೆಯ ಇತಿಹಾಸದಲ್ಲಿಯೇ ನಿದರ್ಶನಗಳಿವೆ. ಜರ್ಮನಿಯ ರಾಬರ್ಟ್ ಕಾಕ್ ಸೂಕ್ಷ್ಮಜೀವಿಗಳನ್ನು ಬೆಳೆಸಲು ಪ್ರಾಣಿಗಳ ಮೂಳೆ, ಚರ್ಮಗಳಿಂದ ತೆಗೆದ ಜಿಲೆಟಿನ್ ಬಳಸುತ್ತಿದ್ದರು. ದೇಹದ ಶಾಖದಷ್ಟು ಬಿಸಿಗೆ ಅದು ಕರಗಿಹೋಗುತ್ತಿತ್ತು. 1881ರಲ್ಲಿ ಅವರ ಸಹೋದ್ಯೋಗಿ ವಾಲ್ಟರ್ ಹೆಸ್ಸೆಯವರ ಪತ್ನಿ ಫ್ಯಾನಿ ಹೆಸ್ಸೆ, ತಮ್ಮ ಅಡುಗೆಮನೆಯಲ್ಲಿ ಬಳಸುತ್ತಿದ್ದ ಅಗರ್ ಅನ್ನು ಸೂಚಿಸಿದರು. ಅದು ಕಡಲ ಪಾಚಿಯಿಂದ ದೊರೆಯುವ ವಸ್ತು. ಕರಾವಳಿಯ ಮನೆಗಳಲ್ಲಿ ಸಿಹಿತಿಂಡಿಗೆ ಹಾಕುವ ಚೈನಾ ಗ್ರಾಸ್ ಅದೇ. ಇಂದಿಗೂ ಲೋಕದ ಪ್ರಯೋಗಶಾಲೆಗಳು ಅದನ್ನೇ ನೆಚ್ಚಿವೆ. ಹಾಗೆಯೇ ಚುಚ್ಚುಮದ್ದಿನಲ್ಲಿ ಜ್ವರ ತರಿಸುವ ವಿಷಾಂಶವಿದೆಯೇ ಎಂದು ತಿಳಿಯಲು ಮೊದಲು ಮೊಲಗಳಿಗೆ ಚುಚ್ಚುತ್ತಿದ್ದರು. ಬಳಿಕ ಕುದುರೆಲಾಳದ ಏಡಿಯ ರಕ್ತವನ್ನು ಬಳಸತೊಡಗಿದರು. ಈಗ ಏಡಿಯ ರಕ್ತವಿಲ್ಲದೆ ತಯಾರಿಸಿದ ಪ್ರೋಟೀನಿನಿಂದಲೇ ಆ ಪರೀಕ್ಷೆ ಸಾಧ್ಯವಾಗಿದೆ. 2021ರ ಜನವರಿಯಿಂದ ಐರೋಪ್ಯ ಔಷಧಸಂಹಿತೆಯಲ್ಲಿ ಆ ವಿಧಾನಕ್ಕೆ ಸ್ಥಾನ ದೊರೆತಿದೆ. ಇಂಥ ಬದಲಾವಣೆಯನ್ನು ಒಳಗೆ ನಿಂತು ಕೆಲಸ ಮಾಡುವವರು ತರಬಲ್ಲರೇ ಹೊರತು ಹೊರಗೆ ನಿಂತು ಮೂಗು ಮುಚ್ಚಿಕೊಳ್ಳುವವರಲ್ಲ.

ಎರಡನೆಯ ಸಭೆಯಲ್ಲಿ ಹುಡುಗಿ ಈ ವಾದಗಳಾವುದನ್ನೂ ಮುಂದಿಡಲಿಲ್ಲ. "ಇಷ್ಟು ವರ್ಷ ಓದಿ ನೀನು ಕಲಿತದ್ದೇನು ಮಗಾ?" ಎಂದು ಹಿರಿಯರು ಕೇಳಿದಾಗ, ತಾನು ಮಾಡಿದ ಒಂದು ತಪ್ಪನ್ನು ಹೇಳಿದಳು. ಪಕ್ಕದಲ್ಲಿ ಕುಳಿತಿದ್ದ ತಂದೆಗೂ ಆ ಸಂಗತಿ ಅದುವರೆಗೆ ಗೊತ್ತಿರಲಿಲ್ಲ.

ಇಂಟರ್ನ್‌ಶಿಪ್ಪಿನ ಕಾಲ. ಬೆಳಗಿನ ಹೊತ್ತು ವಾರ್ಡಿನಲ್ಲಿ ಅಕ್ಕಪಕ್ಕದ ಹಾಸಿಗೆಗಳ ಇಬ್ಬರು ರೋಗಿಗಳಿಂದ ಆಕೆ ರಕ್ತ ತೆಗೆದಳು. ಇಬ್ಬರಿಗೂ ಶಸ್ತ್ರಚಿಕಿತ್ಸೆ ಗೊತ್ತಾಗಿತ್ತು. ರಕ್ತದ ಗುಂಪು ತಿಳಿಯಬೇಕಿತ್ತು. ರೋಗಿಯ ಹೆಸರು, ಸಂಖ್ಯೆಗಳನ್ನು ಕೇಳಿ ಹಾಸಿಗೆಯ ಬಳಿಯಲ್ಲಿಯೇ ಟ್ಯೂಬಿಗೆ ಚೀಟಿ ಅಂಟಿಸಬೇಕೆಂಬುದು ಮೊದಲ ವರ್ಷದ ಪಾಠ. ಅಂದು ಅವಸರ. ಎರಡು ಟ್ಯೂಬುಗಳನ್ನೂ ತಟ್ಟೆಯಲ್ಲಿಟ್ಟುಕೊಂಡು ಬಂದು, ಮೇಜಿನ ಬಳಿ ಚೀಟಿ ಅಂಟಿಸಿದಳು. ಪರೀಕ್ಷೆಯಲ್ಲಿ ಒಬ್ಬರ ಗುಂಪು ಬಿ ಎಂದು ಬಂತು. ಆ ರೋಗಿಯ ಹಳೆಯ ಕಡತದಲ್ಲಿ ಓ ಎಂದಿತ್ತು. ಚೀಟಿಗಳು ಅದಲುಬದಲಾಗಿದ್ದವು.

ಓ ಗುಂಪಿನವರಿಗೆ ಬಿ ಗುಂಪಿನ ರಕ್ತ ಕೊಟ್ಟರೆ ಕೊಟ್ಟ ರಕ್ತಕಣಗಳು ದೇಹದೊಳಗೆಯೇ ಒಡೆಯುತ್ತವೆ, ಮೂತ್ರಪಿಂಡಗಳು ಕೆಡುತ್ತವೆ, ಪ್ರಾಣವೇ ಹೋಗಬಹುದು. ಇಲ್ಲಿ ಹಳೆಯ ಕಡತವೊಂದು ಇದ್ದುದರಿಂದ ತಪ್ಪು ಹೊರಬಿತ್ತು. ಇನ್ನೊಬ್ಬ ರೋಗಿಗೆ ಹಿಂದಿನ ಕಡತವೇ ಇರಲಿಲ್ಲ.

ಕೋಣೆಯಲ್ಲಿ ಆ ಕ್ಷಣ ಬೇರಾರೂ ಇರಲಿಲ್ಲ. ರಕ್ತ ಹೆಪ್ಪುಗಟ್ಟಿತ್ತೆಂದು ಬರೆದು ಮತ್ತೊಮ್ಮೆ ರಕ್ತ ತರಿಸಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ರೋಗಿಗಳಿಗೂ ಅಪಾಯವಾಗುತ್ತಿರಲಿಲ್ಲ. ಆಕೆ ಲೇಖನಿ ಹಿಡಿದು ಆ ಒಂದು ಸಾಲನ್ನು ಬರೆಯಲು ತೊಡಗಿದ್ದೂ ನಿಜ. ಆದರೆ ಬರೆಯಲಾಗಲಿಲ್ಲ. ಎದ್ದುಹೋಗಿ ಹಿರಿಯ ತಂತ್ರಜ್ಞೆಗೆ ನಡೆದದ್ದನ್ನು ತಿಳಿಸಿದಳು. ಲೋಪಗಳನ್ನು ಬರೆದಿಡುವ ಪುಸ್ತಕದಲ್ಲಿ ತನ್ನ ಹೆಸರಿನೊಂದಿಗೆ ದಾಖಲಿಸಿದಳು. ಇಬ್ಬರಿಂದಲೂ ಹೊಸದಾಗಿ ರಕ್ತ ತೆಗೆಯಲಾಯಿತು. ಎರಡು ವಾರ ಆಕೆಗೆ ಒಬ್ಬಳೇ ವಾರ್ಡಿಗೆ ಹೋಗುವ ಅನುಮತಿ ಇರಲಿಲ್ಲ. ಜೊತೆಯವರ ಮುಂದೆ ತಲೆತಗ್ಗಿಸಿ ನಡೆಯಬೇಕಾಯಿತು. ಅದೇ ವಾರದಲ್ಲಿ ವಿಭಾಗದ ಪದ್ಧತಿಯೊಂದು ಬದಲಾಯಿತು: ಚೀಟಿಯಿಲ್ಲದ ಟ್ಯೂಬು ಹಾಸಿಗೆಯ ಬಳಿಯಿಂದ ಕದಲಕೂಡದು, ಹಳೆಯ ದಾಖಲೆಯಿಲ್ಲದ ರೋಗಿಯ ಗುಂಪನ್ನು ಎರಡನೆಯ ಮಾದರಿಯಿಂದ ದೃಢಪಡಿಸಿಕೊಳ್ಳಬೇಕು.

ಹುಡುಗಿ ಮಾತು ಮುಗಿಸಿದಾಗ ಸಭೆ ಮೌನವಾಗಿತ್ತು. ಮೊದಲು ಮಾತನಾಡಿದವರು ಆಕ್ಷೇಪವೆತ್ತಿದ ಆ ಹಿರಿಯರೇ. ಐವತ್ತು ವರ್ಷ ಅಕ್ಕಿ ವ್ಯಾಪಾರ ಮಾಡಿದವರು, ತತ್ತ್ವಾರ್ಥಸೂತ್ರವನ್ನು ಪಾಠ ಹೇಳಿಸಿಕೊಂಡವರು. ಪ್ರಮಾದದಿಂದ, ಅಂದರೆ ಎಚ್ಚರಗೇಡಿತನದಿಂದ, ಪ್ರಾಣಕ್ಕೆ ಘಾತವಾಗುವುದೇ ಹಿಂಸೆಯೆಂದು ಉಮಾಸ್ವಾಮಿಗಳು ಲಕ್ಷಣ ಹೇಳಿರುವುದನ್ನು ಅವರು ಸಭೆಗೆ ನೆನಪಿಸಿದರು. ಸತ್ಯಾಣುವ್ರತದ ಅತಿಚಾರಗಳಲ್ಲಿ ಕೂಟಲೇಖಕ್ರಿಯೆ, ಅಂದರೆ ಸುಳ್ಳು ಬರಹ, ಒಂದು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೀನಾಧಿಕಮಾನೋನ್ಮಾನ, ಅಂದರೆ ಕೊಡುವಾಗ ಒಂದು ಅಳತೆ, ಕೊಳ್ಳುವಾಗ ಇನ್ನೊಂದು, ಸೇರಿದೆ. "ಇವೆರಡನ್ನೂ ನಾವು ಅಂಗಡಿಯವರಿಗೆ ಹೇಳಿದ್ದೆಂದು ತಿಳಿದಿದ್ದೆವು. ಈ ಮಗು ಅವನ್ನು ಆಸ್ಪತ್ರೆಯಲ್ಲಿ ನಡೆಸಿದೆ" ಎಂದರು.

ಆಗ ತಂದೆಯೂ ಒಂದು ಮಾತು ಕೇಳಿದರು. "ಅಂಗಡಿಯ ತಕ್ಕಡಿಗೆ ಸರಕಾರದ ಮುದ್ರೆ ಬೀಳುತ್ತದೆ. ನಿಮ್ಮ ಯಂತ್ರ ಸರಿಯಿದೆಯೆಂದು ಹೇಳುವವರು ಯಾರು?" ಪ್ರತಿದಿನ ಬೆಳಗ್ಗೆ ರೋಗಿಗಳ ಮಾದರಿಗಿಂತ ಮುಂಚೆ, ಬೆಲೆ ಮೊದಲೇ ಗೊತ್ತಿರುವ ಮಾದರಿಯೊಂದನ್ನು ಯಂತ್ರಕ್ಕೆ ಕೊಟ್ಟು ನೋಡುತ್ತಾರೆಂದು ಮಗಳು ವಿವರಿಸಿದಳು. ಅದರ ಫಲಿತಾಂಶ ಗೊತ್ತಾದ ಮಿತಿಯೊಳಗೆ ಬಾರದಿದ್ದರೆ ಅಂದು ಯಾವ ರೋಗಿಯ ವರದಿಯೂ ಹೊರಹೋಗಬಾರದು, ಹೊರಗೆ ಎಷ್ಟೇ ಜನ ಕಾದಿದ್ದರೂ.

ಮುಂದೆ ಓದಲಿರುವ ನ್ಯೂಕ್ಲಿಯರ್ ಮೆಡಿಸಿನ್ ಬಗ್ಗೆಯೂ ಟ್ರಸ್ಟಿಗಳು ವಿಚಾರಿಸಿದರು. ವಿಕಿರಣ ಸೂಸುವ ವಸ್ತುವನ್ನು ಅತ್ಯಲ್ಪ ಪ್ರಮಾಣದಲ್ಲಿ ದೇಹದೊಳಗೆ ಸೇರಿಸಿ, ಅದು ಎಲ್ಲಿ ನೆಲೆಸುತ್ತದೆಂದು ಹೊರಗಿನ ಕ್ಯಾಮರಾದಿಂದ ನೋಡುವ ವಿದ್ಯೆ ಅದು. ಕೊಯ್ಯದೆಯೇ ಎಲುಬು, ಹೃದಯ, ಮೂತ್ರಪಿಂಡ, ಥೈರಾಯ್ಡ್‌ಗಳ ಸ್ಥಿತಿ ಇದರಿಂದ ತಿಳಿಯುತ್ತದೆ. ಹೆಚ್ಚಾಗಿ ಬಳಕೆಯಾಗುವುದು ಟೆಕ್ನೀಷಿಯಂ-99ಎಂ. ಅದರ ಅರ್ಧಾಯು ಆರು ಗಂಟೆ. ಬೆಳಗ್ಗೆ ಆರಕ್ಕೆ 20 ಮಿಲಿಕ್ಯೂರಿ ಇದ್ದುದು ಮಧ್ಯಾಹ್ನ ಹನ್ನೆರಡಕ್ಕೆ 10, ಸಂಜೆ ಆರಕ್ಕೆ 5. ಮಾಲಿಬ್ಡಿನಂ-99 ತುಂಬಿದ ಸೀಸದ ಕವಚದ ಜನರೇಟರಿನಿಂದ ಅದನ್ನು ಲವಣಜಲದಲ್ಲಿ ಇಳಿಸಿಕೊಳ್ಳುತ್ತಾರೆ. ಆ ವೃತ್ತಿಯವರು ಇದನ್ನು ಹಸು ಕರೆಯುವುದೆಂದೇ ಹೇಳುವುದುಂಟು. ದಾಸ್ತಾನು ಮಾಡಲಾಗದ ಸರಕು ಅದು. ಬೆಳಗಿನ ಲೆಕ್ಕವನ್ನು ಮಧ್ಯಾಹ್ನಕ್ಕೆ ನಂಬಿದವನು ರೋಗಿಗೆ ಅರ್ಧ ಪ್ರಮಾಣವನ್ನಷ್ಟೇ ಕೊಟ್ಟಾನು, ಚಿತ್ರವೂ ಮಸುಕಾದೀತು. ಆದುದರಿಂದ ಕೊಡುವ ಮುನ್ನ ಪ್ರತಿಸಲವೂ ಅಳೆಯಬೇಕು, ಸಮಯವನ್ನು ಬರೆಯಬೇಕು. ಅನಿತ್ಯಭಾವನೆಯನ್ನು ಗಡಿಯಾರ ನೋಡಿ ಅಭ್ಯಾಸ ಮಾಡಿಸುವ ಓದು ಇದೆಂದರೆ ತಪ್ಪಾಗಲಾರದು.

"ನಿನಗೇ ಅಪಾಯವಿಲ್ಲವೇ?" ಎಂಬುದು ತಂದೆಯ ಮನಸ್ಸಿನಲ್ಲಿದ್ದ ನಿಜವಾದ ಪ್ರಶ್ನೆ. ಇದೆ, ಆದರೆ ಅದಕ್ಕೆ ಮಿತಿಯಿದೆ, ಕಾವಲಿದೆ. ವಿಕಿರಣದ ಬಳಿ ನಿಲ್ಲುವ ಸಮಯವನ್ನು ಕಡಿಮೆ ಮಾಡಬೇಕು, ದೂರವನ್ನು ಹೆಚ್ಚಿಸಬೇಕು, ನಡುವೆ ಸೀಸದ ತಡೆ ಇರಬೇಕು. ದೂರ ಎರಡರಷ್ಟಾದರೆ ತಗಲುವ ವಿಕಿರಣ ಕಾಲುಭಾಗಕ್ಕೆ ಇಳಿಯುತ್ತದೆ. ಎದೆಯ ಮೇಲೆ ಧರಿಸುವ ಬ್ಯಾಡ್ಜು ಪ್ರತಿಯೊಬ್ಬರಿಗೆ ತಗಲಿದ ಪ್ರಮಾಣವನ್ನು ದಾಖಲಿಸುತ್ತದೆ. 1983ರಲ್ಲಿ ಸ್ಥಾಪಿತವಾದ ಅಣುಶಕ್ತಿ ನಿಯಂತ್ರಣ ಮಂಡಳಿ ಈ ಕೆಲಸಗಾರರಿಗೆ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ ಎಂಬ ಮಿತಿಯನ್ನು ವಿಧಿಸಿದೆ. ಮಿತಿಯೊಳಗಿದ್ದರೆ ಸಾಕೆಂದು ಸುಮ್ಮನಿರದೆ ಸಾಧ್ಯವಾದಷ್ಟೂ ಕೆಳಗಿಳಿಸುವುದು ಆ ವೃತ್ತಿಯ ನಿಯಮ. ಪರಿಮಾಣವ್ರತ ಹಿಡಿದ ಶ್ರಾವಕನಿಗೆ ಈ ಮಾತು ಅಪರಿಚಿತವಾಗಿ ಕೇಳಿಸದು.

ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ಚತುರ್ವಿಧ ದಾನಗಳಲ್ಲಿ ಔಷಧಕ್ಕೆ ಸ್ಥಾನವಿರುವಾಗ, ಯಾವ ಔಷಧವೆಂದು ನಿರ್ಣಯಿಸಲು ನೆರವಾಗುವ ಓದಿಗೆ ಸ್ಥಾನವಿಲ್ಲವೆನ್ನಲು ಕಾರಣ ಕಾಣಲಿಲ್ಲ. ಅರ್ಜಿ ಮಂಜೂರಾಯಿತು. ನಿರ್ಣಯ ಪುಸ್ತಕದಲ್ಲಿ ಬರೆಯಿಸುವಾಗ ಹಿರಿಯರು ಒಂದು ಷರತ್ತನ್ನು ಸೇರಿಸಿದರು: ರಜೆಗೆ ಬಂದಾಗ ಆಕೆ ಬಸದಿಯ ಪಾಠಶಾಲೆಯ ಮಕ್ಕಳಿಗೆ ತನ್ನ ಓದಿನ ವಿಷಯ ತಿಳಿಸಬೇಕು; ತಾನು ಮಾಡಿದ ತಪ್ಪನ್ನೂ ಹೇಳಬೇಕು.

ಮನೆಗೆ ಬಂದು ಅಜ್ಜಿಗೆ ಎಲ್ಲವನ್ನೂ ಹೇಳಿದ್ದಾಯಿತು. ಅವರು ಕೇಳಿದ್ದು ಒಂದನ್ನೇ: "ಆ ಇಬ್ಬರು ರೋಗಿಗಳು ಈಗ ಹೇಗಿದ್ದಾರೆ?" ಇಬ್ಬರೂ ಗುಣಹೊಂದಿ ಮನೆಗೆ ಹೋದರೆಂದು ಮೊಮ್ಮಗಳು ಹೇಳಿದಳು. ಅಜ್ಜಿ ತಲೆಯಾಡಿಸಿ, ಸೋಸುವ ಬಟ್ಟೆಯನ್ನು ಕೊಡವಿ, ಕೊಡದ ಬಾಯಿಗೆ ಹಾಸಿದರು.